ಎನ್‌ಎಫ್‌ಎಸ್ ಮೌಂಟ್ ನಿಂತುಹೋದಾಗ ಎಲ್ಲಿಂದ ಹುಡುಕಬೇಕು

ಮೇ ತಿಂಗಳ ಒಂದು ಮಧ್ಯಾಹ್ನ. ಬಳ್ಳಾರಿಯಲ್ಲಿ ನಾನು ಸಿಸ್ಟಂ ನೋಡಿಕೊಳ್ಳುವ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ನಡೆಯುತ್ತಿತ್ತು. ಕರೆಂಟ್ ಹೋಯಿತು, ಹತ್ತೇ ಸೆಕೆಂಡಿನಲ್ಲಿ ಬಂತು. ಲ್ಯಾಬಿನ ಯುಪಿಎಸ್ ತನ್ನ ಕೆಲಸ ಮಾಡಿತು. ಒಂದು ಮಶೀನೂ ಆಫ್ ಆಗಲಿಲ್ಲ. ಆದರೂ ಎರಡು ನಿಮಿಷಕ್ಕೆ ಲ್ಯಾಬ್ ಇನ್‌ಸ್ಟ್ರಕ್ಟರ್ ಫೋನ್ ಮಾಡಿದ.

“ಸರ್, ಮೌಸ್ ಓಡ್ತದ, ಆದ್ರ ಏನೂ ಓಪನ್ ಆಗವಲ್ದು. ಮೂವತ್ತೆರಡೂ ಸಿಸ್ಟಂ ಹಂಗೇ ನಿಂತಾವ್ರಿ. ಎಲ್ಲಾ ರೀಸ್ಟಾರ್ಟ್ ಮಾಡ್ಲೇನ್ರಿ?”

“ಬ್ಯಾಡಪ್ಪ, ಯಾವುದನ್ನೂ ಮುಟ್ಟಬ್ಯಾಡ. ಹುಡುಗರಿಗೂ ಹೇಳು. ನಾ ಬಂದೆ.”

ಅವನು ಮಾತು ಕೇಳಿದ. ಅದರಿಂದ 32 ವಿದ್ಯಾರ್ಥಿಗಳು ಸೇವ್ ಮಾಡದೇ ಇದ್ದ ಪ್ರೋಗ್ರಾಂಗಳು ಉಳಿದವು. ರೀಸ್ಟಾರ್ಟ್ ಮಾಡಿದ್ದರೆ ಒಂದೂ ಸಿಗುತ್ತಿರಲಿಲ್ಲ. ಆ ಮಶೀನುಗಳ ಫೈಲುಗಳು ಇರುವುದು ಸರ್ವರಿನಲ್ಲಿ. ಸರ್ವರಿನ ಡಿಸ್ಕನ್ನು ನಮ್ಮ ಮಶೀನಿನ ಒಂದು ಫೋಲ್ಡರ್‌ಗೆ ಜೋಡಿಸುವುದಕ್ಕೆ ಮೌಂಟ್ ಅನ್ನುತ್ತಾರೆ. ಆವತ್ತು ಆದದ್ದೇನು ಅಂತ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು, ನಿಂತಿರುವ ಮೌಂಟ್ ಒಳಗೆ ನಿಜವಾಗಿ ಏನು ನಡೆಯುತ್ತಿರುತ್ತದೆ ಅಂತ ನೋಡೋಣ.

ಅದು ಸತ್ತಿಲ್ಲ, ಕಾಯುತ್ತಿದೆ

ಎನ್‌ಎಫ್‌ಎಸ್ (ನೆಟ್‌ವರ್ಕ್ ಫೈಲ್ ಸಿಸ್ಟಂ) ಅನ್ನು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1984ರಲ್ಲಿ ತಯಾರಿಸಿತು. ದೂರದ ಸರ್ವರಿನ ಡಿಸ್ಕನ್ನು ನಮ್ಮದೇ ಡಿಸ್ಕಿನ ಹಾಗೆ ತೋರಿಸುವುದು ಅದರ ಕೆಲಸ. ಪ್ರೋಗ್ರಾಂಗೆ ತಾನು ಬರೆಯುತ್ತಿರುವುದು ಪಕ್ಕದ ರೂಮಿನ ಡಿಸ್ಕಿಗೆ ಅಂತ ಗೊತ್ತೇ ಇರುವುದಿಲ್ಲ. ಹಾಗಾದರೆ ನಡುವೆ ವೈರ್ ಕಡಿದರೆ ಆ ಪ್ರೋಗ್ರಾಂಗೆ ಏನು ಹೇಳಬೇಕು? ‘ಬರೆದೆ’ ಅಂದರೆ ಸುಳ್ಳು. ‘ಬರೆಯಲು ಆಗಲಿಲ್ಲ’ ಅಂದರೆ ಎಷ್ಟೋ ಪ್ರೋಗ್ರಾಂಗಳು ಆ ಉತ್ತರವನ್ನು ನೋಡುವುದೇ ಇಲ್ಲ, ಮುಂದೆ ಹೋಗಿಬಿಡುತ್ತವೆ. ಅದಕ್ಕೆ ಎನ್‌ಎಫ್‌ಎಸ್ ಮೂರನೇ ದಾರಿ ಹಿಡಿಯಿತು. ಉತ್ತರ ಬರುವ ತನಕ ಸುಮ್ನೆ ಕಾಯುವುದು, ಮತ್ತೆ ಮತ್ತೆ ಕೇಳುವುದು. ಇದನ್ನೇ ಹಾರ್ಡ್ ಮೌಂಟ್ ಅನ್ನುತ್ತಾರೆ. ನೀವು ಏನೂ ಹೇಳದೇ ಮೌಂಟ್ ಮಾಡಿದರೆ ಸಿಗುವುದು ಇದೇ.

ಲಿನಕ್ಸ್‌ನಲ್ಲಿ ಟಿಸಿಪಿ (ಕಳಿಸಿದ್ದು ತಲುಪಿತೇ ಅಂತ ಖಚಿತಪಡಿಸಿಕೊಳ್ಳುವ ನೆಟ್‌ವರ್ಕ್ ವಿಧಾನ) ಮೇಲೆ ಮೌಂಟ್ ಆಗಿದ್ದರೆ ಒಂದು ಕೋರಿಕೆಗೆ 60 ಸೆಕೆಂಡ್ ಕಾಯುತ್ತದೆ. ಸೆಟ್ಟಿಂಗಿನಲ್ಲಿ ಇದು ‘ಟೈಮಿಯೋ’ 600 ಅಂತ ಕಾಣುತ್ತದೆ. ಅಲ್ಲಿನ ಲೆಕ್ಕ ಸೆಕೆಂಡಿನ ಹತ್ತನೇ ಒಂದು ಭಾಗದ್ದು. ಅದನ್ನು ತಿಳಿಯದೆ 600 ಸೆಕೆಂಡ್ ಅಂದುಕೊಂಡವರು ಬಹಳ ಜನ ಇದ್ದಾರೆ. ಹೀಗೆ ಕೆಲವು ಸಲ ಕೇಳಿಯೂ ಉತ್ತರ ಬರದಿದ್ದರೆ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಲಾಗಿನಲ್ಲಿ ಒಂದು ಸಾಲು ಬರೆಯುತ್ತದೆ: ‘ಸರ್ವರ್ ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್’. ಸರ್ವರ್ ಉತ್ತರಿಸುತ್ತಿಲ್ಲ, ಪ್ರಯತ್ನ ಬಿಟ್ಟಿಲ್ಲ ಅಂತ. ಇದರಲ್ಲಿ ಎರಡನೇ ಅರ್ಧವೇ ಮುಖ್ಯ. ಸರ್ವರ್ ಮತ್ತೆ ಸಿಕ್ಕ ಕೂಡಲೇ ಅದೇ ಲಾಗಿನಲ್ಲಿ ‘ಓಕೆ’ ಅನ್ನುವ ಸಾಲು ಬರುತ್ತದೆ. ನಿಂತ ಪ್ರೋಗ್ರಾಂ ನಿಂತ ಜಾಗದಿಂದಲೇ ಮುಂದುವರಿಯುತ್ತದೆ.

ಹೀಗೆ ಕಾಯುತ್ತಿರುವ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ‘ಪಿಎಸ್’ ಕಮಾಂಡಿನ ಪಟ್ಟಿಯಲ್ಲಿ ಡಿ ಅಕ್ಷರದೊಂದಿಗೆ ಕಾಣುತ್ತದೆ. ಲಿನಕ್ಸ್ ಈ ಡಿ ಪ್ರೋಸೆಸ್‌ಗಳನ್ನೂ ಲೋಡ್ ಆವರೇಜ್‌ಗೆ (ಮಶೀನ್ ಮೇಲಿನ ಕೆಲಸದ ಒತ್ತಡ ತೋರಿಸುವ ಸಂಖ್ಯೆ) ಸೇರಿಸಿ ಎಣಿಸುತ್ತದೆ. ಅದರಿಂದಲೇ ಒಂದು ವಿಚಿತ್ರ ಕಾಣುತ್ತದೆ: ಲೋಡ್ 40 ದಾಟಿರುತ್ತದೆ, ಸಿಪಿಯು ಮಾತ್ರ ಪೂರ್ತಿ ಖಾಲಿ. ಈ ಎರಡು ಒಟ್ಟಿಗೆ ಕಂಡರೆ ನಾನು ಬೇರೆ ಏನನ್ನೂ ನೋಡುವ ಮೊದಲು ಎನ್‌ಎಫ್‌ಎಸ್ ಕಡೆ ತಿರುಗುತ್ತೇನೆ.

ಇನ್ನೊಂದು ಮಾತು, ಹಳೆಯ ಕೈಪಿಡಿ ಓದುವವರಿಗಾಗಿ. ಅವುಗಳಲ್ಲಿ ‘ಐಎನ್‌ಟಿಆರ್’ ಆಯ್ಕೆ ಹಾಕಿದರೆ ಕಂಟ್ರೋಲ್-ಸಿ ಒತ್ತಿ ಹೊರಬರಬಹುದು ಅಂತ ಇರುತ್ತದೆ. ಲಿನಕ್ಸ್ ಕರ್ನಲ್ 2.6.25ರ ನಂತರ ಆ ಆಯ್ಕೆಗೆ ಬೆಲೆ ಇಲ್ಲ. ಹಾಕಿದರೂ ಕರ್ನಲ್ ಅದನ್ನು ಗಮನಿಸುವುದಿಲ್ಲ. ಅದರ ಬದಲು ಪ್ರೋಸೆಸ್ ಅನ್ನು ಬಲವಂತವಾಗಿ ಕೊಲ್ಲುವ ‘ಕಿಲ್ -9’ ಕೆಲಸ ಮಾಡುತ್ತದೆ. ಹಿಂದೆ ‘ಐಎನ್‌ಟಿಆರ್’ ಹಾಕದ ಮೌಂಟ್‌ನಲ್ಲಿ ಅದೂ ಆಗುತ್ತಿರಲಿಲ್ಲ.

ಮೊದಲು ನೀವು ಸಿಕ್ಕಿಬೀಳಬೇಡಿ

ನಿಂತ ಮೌಂಟ್ ಹುಡುಕಲು ಹೋದವರು ಮೊದಲು ಒತ್ತುವ ಕಮಾಂಡ್ ಡಿಸ್ಕಿನ ಜಾಗ ತೋರಿಸುವ ‘ಡಿಎಫ್’. ಅದು ಎಲ್ಲಾ ಮೌಂಟ್‌ಗಳನ್ನೂ ಹೋಗಿ ಕೇಳುತ್ತದೆ. ನಿಂತಿರುವುದನ್ನು ಕೇಳಿದಾಗ ಅದೂ ಅಲ್ಲೇ ನಿಲ್ಲುತ್ತದೆ. ಈಗ ಒಂದು ಟರ್ಮಿನಲ್ ಹೋಯಿತು. ಇನ್ನೊಂದು ತೆರೆದು ‘ಎಲ್‌ಎಸ್’ ಒತ್ತುತ್ತಾರೆ, ಅದೂ ಹೋಯಿತು. ಯಾರು ಹಿಡಿದಿದ್ದಾರೆ ಅಂತ ನೋಡಲು ‘ಎಲ್‌ಎಸ್‌ಒಎಫ್’ ಅಥವಾ ‘ಫ್ಯೂಸರ್’ ಓಡಿಸುತ್ತಾರೆ, ಅವೂ ನಿಲ್ಲುತ್ತವೆ. ಪಾತ್ ಬರೆಯುವಾಗ ಟ್ಯಾಬ್ ಒತ್ತಿದರೂ ಸಾಕು, ಶೆಲ್ (ನಮ್ಮ ಕಮಾಂಡ್ ಓದುವ ಪ್ರೋಗ್ರಾಂ) ಒಳಗೆ ಇಣುಕಿ ನಿಂತುಬಿಡುತ್ತದೆ. ಹೀಗೆ ಐದು ನಿಮಿಷದಲ್ಲಿ ಆರು ಟರ್ಮಿನಲ್ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಹಾಗಾಗಿ ಒಳಗೆ ಹೋಗುವ ದಾರಿಯನ್ನೇ ಬದಲಿಸಿ. ಹೋಮ್ ಫೋಲ್ಡರ್ ಎನ್‌ಎಫ್‌ಎಸ್ ಮೇಲಿರುವ ಹೆಸರಿನಲ್ಲಿ ಲಾಗಿನ್ ಮಾಡಬೇಡಿ, ಅರ್ಧದಲ್ಲೇ ನಿಲ್ಲುತ್ತದೆ. ರೂಟ್ (ಪೂರ್ತಿ ಅಧಿಕಾರವಿರುವ ಹೆಸರು) ಆಗಿ, ಇಲ್ಲವೇ ಮಶೀನಿನ ಸ್ವಂತ ಡಿಸ್ಕಿನಲ್ಲಿ ಮನೆ ಇರುವ ಒಂದು ಬೇರೆ ಹೆಸರಿನಿಂದ ಹೋಗಿ. ಅಂಥ ಒಂದು ಹೆಸರನ್ನು ಪ್ರತಿ ಮಶೀನಿನಲ್ಲೂ ಮೊದಲೇ ಮಾಡಿಟ್ಟಿರಬೇಕು. ಒಳಗೆ ಹೋದ ಮೇಲೆ ಪಾತ್ ವೇರಿಯೇಬಲ್, ಅಂದರೆ ಶೆಲ್ ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ, ನೋಡಿ. ಅದರಲ್ಲಿ ಎನ್‌ಎಫ್‌ಎಸ್ ಮೇಲಿನ ಒಂದು ಫೋಲ್ಡರ್ ಇದ್ದರೆ ಯಾವ ಕಮಾಂಡ್ ಕೊಟ್ಟರೂ ಶೆಲ್ ಅದನ್ನು ಆ ಫೋಲ್ಡರ್‌ನಲ್ಲೂ ಹುಡುಕಲು ಹೋಗಬಹುದು.

ಭಯವಿಲ್ಲದೆ ಓದಬಹುದಾದದ್ದು ‘/ಪ್ರಾಕ್/ಮೌಂಟ್ಸ್’ ಫೈಲ್. ಅದು ಕರ್ನಲ್ ತನ್ನ ನೆನಪಿನಿಂದ ಕೊಡುವ ಪಟ್ಟಿ, ಯಾವ ಸರ್ವರನ್ನೂ ಕೇಳುವುದಿಲ್ಲ. ‘ಕ್ಯಾಟ್’ ಮಾಡಿ, ಎನ್‌ಎಫ್‌ಎಸ್ ಸಾಲುಗಳನ್ನು ಬರೆದುಕೊಳ್ಳಿ. ಜಾಗ ನೋಡಲೇಬೇಕು ಅಂದರೆ ‘ಡಿಎಫ್ -ಎಲ್’ ಕೊಡಿ, ಅದು ಸ್ವಂತ ಡಿಸ್ಕುಗಳನ್ನಷ್ಟೇ ನೋಡುತ್ತದೆ.

ಇನ್ನು ಯಾವ ಮೌಂಟ್ ನಿಂತಿದೆ ಅಂತ ಗುರುತಿಸಬೇಕು. ಪ್ರತಿಯೊಂದನ್ನೂ ‘ಟೈಮೌಟ್’ ಕಮಾಂಡಿನ ಒಳಗಿಟ್ಟು ಕೇಳಿ. ‘ಟೈಮೌಟ್ -ಎಸ್ ಕಿಲ್ 5 ಸ್ಟ್ಯಾಟ್ -ಎಫ್’, ಅದರ ಮುಂದೆ ಮೌಂಟಿನ ಜಾಗ. ಐದು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಅದು ಸ್ಟ್ಯಾಟ್ ಅನ್ನು ಕೊಂದುಹಾಕುತ್ತದೆ. ಇಲ್ಲಿ ‘-ಎಫ್’ ಬಿಡಬೇಡಿ. ಬರೀ ಸ್ಟ್ಯಾಟ್ ಕೇಳಿದರೆ ಕ್ಲೈಂಟ್ (ಮೌಂಟ್ ಮಾಡಿಕೊಂಡ ಮಶೀನ್) ತನ್ನ ಕ್ಯಾಶ್‌ನಿಂದಲೇ (ಮೊದಲೇ ತಂದಿಟ್ಟುಕೊಂಡ ಪ್ರತಿಯಿಂದ) ಉತ್ತರ ಕೊಡಬಹುದು. ಫೋಲ್ಡರಿನ ವಿವರಗಳನ್ನು ಅದು 30ರಿಂದ 60 ಸೆಕೆಂಡ್ ಇಟ್ಟುಕೊಂಡಿರುತ್ತದೆ. ಸರ್ವರ್ ಇಲ್ಲದಿದ್ದರೂ ಆ ಹೊತ್ತಿನಲ್ಲಿ ಎಲ್ಲಾ ಸರಿ ಇರುವ ಹಾಗೆ ಕಾಣುತ್ತದೆ. ‘-ಎಫ್’ ಹಾಕಿದರೆ ಪ್ರಶ್ನೆ ಸರ್ವರಿನ ತನಕ ಹೋಗಲೇಬೇಕು.

ಪ್ರೋಸೆಸ್ ಎಲ್ಲಿ ಕಾಯುತ್ತಿದೆ ಅಂತ ತಿಳಿಯಲು ‘ಪಿಎಸ್’ ಪಟ್ಟಿಗೆ ‘ಡಬ್ಲ್ಯೂಚಾನ್’ ಕಾಲಂ ಸೇರಿಸಿ. ‘ಆರ್‌ಪಿಸಿ ವೇಟ್ ಬಿಟ್ ಕಿಲ್ಲಬಲ್’ ಅಂತ ಕಂಡರೆ ಅದು ಸರ್ವರಿನ ಉತ್ತರಕ್ಕೆ ಕಾಯುತ್ತಿದೆ. ಅದರ ಹಿಂದೆ ಸಾಲುಗಟ್ಟಿದ ಉಳಿದ ಪ್ರೋಸೆಸ್‌ಗಳಲ್ಲಿ ಬೇರೆ ಹೆಸರುಗಳು ಕಾಣಬಹುದು. ಅವು ಮೊದಲನೆಯದು ಹಿಡಿದ ಬೀಗಕ್ಕಾಗಿ ಕಾಯುತ್ತಿರುತ್ತವೆ, ಅವುಗಳ ಹಿಂದೆ ಬೀಳಬೇಡಿ.

ಒಂದೇ ಮಶೀನೋ, ಎಲ್ಲವೂನೋ

ಇದು ಅರ್ಧ ದಾರಿಯನ್ನು ಒಂದೇ ನಿಮಿಷದಲ್ಲಿ ಕಡಿಮೆ ಮಾಡುವ ಪ್ರಶ್ನೆ. ಒಂದೇ ಮಶೀನ್ ನಿಂತಿದ್ದರೆ ಅದರ ಕೇಬಲ್, ಅದರ ಐಪಿ, ಅದರ ಫೈರ್‌ವಾಲ್ ನೋಡಿ. ಅದೇ ಐಪಿ ಇನ್ನೊಂದು ಕಡೆಯೂ ಇದೆಯಾ ಅಂತಲೂ ನೋಡಿ. ಯಾರೋ ಹೊಸ ಪ್ರಿಂಟರ್‌ಗೆ ಕೈಯಿಂದ ಐಪಿ ಕೊಟ್ಟಿರುತ್ತಾರೆ. ಎಲ್ಲವೂ ನಿಂತಿದ್ದರೆ ಕ್ಲೈಂಟ್ ಬಿಟ್ಟು ಸರ್ವರ್ ಕಡೆಗೆ, ಇಲ್ಲವೇ ನಡುವಿನ ದಾರಿಗೆ ಹೋಗಿ. ಕೆಲವು ಮಾತ್ರ ನಿಂತಿದ್ದರೆ ಆ ಕೆಲವಕ್ಕೂ ಸಾಮಾನ್ಯವಾಗಿರುವುದು ಏನು ಅಂತ ಯೋಚಿಸಿ. ಬಹಳ ಸಲ ಅದು ಒಂದು ಸ್ವಿಚ್.

ನಮ್ಮ ಲ್ಯಾಬಿನಲ್ಲಿ ಆವತ್ತು 32ಕ್ಕೆ 32 ನಿಂತಿದ್ದವು. ಸರ್ವರ್ ರೂಮಿನ ಬ್ಯಾಕಪ್ ಮಶೀನ್ ಮಾತ್ರ ಅದೇ ಸರ್ವರಿನಿಂದ ಆರಾಮಾಗಿ ಫೈಲ್ ಓದುತ್ತಿತ್ತು. ಸರ್ವರಿನ ಮೇಲಿದ್ದ ಅನುಮಾನ ಅಲ್ಲಿಗೇ ಹೋಯಿತು.

ಪಿಂಗ್ ಬಂದರೆ ಸಾಲದು

ಸರ್ವರ್ ಬದುಕಿದೆಯಾ ಅಂದರೆ ಎಲ್ಲರೂ ಪಿಂಗ್ ಮಾಡುತ್ತಾರೆ. ಮಾಡಲೇಬೇಕು. ಆದರೆ ಪಿಂಗ್‌ಗೆ ಉತ್ತರ ಕೊಡುವುದು ಕರ್ನಲ್‌ನ ನೆಟ್‌ವರ್ಕ್ ಭಾಗ. ಡಿಸ್ಕ್ ಪೂರ್ತಿ ಕೆಟ್ಟು ಕೂತಿರುವ ಸರ್ವರ್ ಕೂಡ ಪಿಂಗ್‌ಗೆ ಚೆನ್ನಾಗಿ ಉತ್ತರಿಸುತ್ತದೆ.

ಮುಂದಿನ ಮೆಟ್ಟಿಲು 2049ನೇ ಪೋರ್ಟ್. ಎನ್‌ಎಫ್‌ಎಸ್ ಮಾತಾಡುವುದು ಅಲ್ಲಿಯೇ. ಆ ಪೋರ್ಟ್ ತೆರೆದುಕೊಂಡರೂ ಅದು ಕರ್ನಲ್‌ನ ಕೆಲಸವೇ, ಎನ್‌ಎಫ್‌ಎಸ್ ಎದ್ದಿದೆ ಅಂತ ಪೂರ್ತಿ ನಂಬಬೇಡಿ. ಮೂರನೆಯದು ‘ಆರ್‌ಪಿಸಿಇನ್ಫೋ -ಟಿ’ ಜೊತೆ ಸರ್ವರ್ ಹೆಸರು ಮತ್ತು ‘ಎನ್‌ಎಫ್‌ಎಸ್’. ಇದು ಸರ್ವರಿನಲ್ಲಿ ಎನ್‌ಎಫ್‌ಎಸ್ ಕೋರಿಕೆಗಳಿಗೆ ಉತ್ತರಿಸುವ ಎನ್‌ಎಫ್‌ಎಸ್‌ಡಿ ಥ್ರೆಡ್‌ಗೆ ಒಂದು ಖಾಲಿ ಪ್ರಶ್ನೆ ಕಳಿಸುತ್ತದೆ. ಇದ್ದೀಯಾ, ಇದ್ದೇನೆ, ಅಷ್ಟೇ. ಡಿಸ್ಕ್ ಮುಟ್ಟುವುದಿಲ್ಲ. ನಾಲ್ಕನೆಯದು ಮೇಲೆ ಹೇಳಿದ ‘ಸ್ಟ್ಯಾಟ್ -ಎಫ್’, ಅದಕ್ಕೆ ಸರ್ವರ್ ತನ್ನ ಫೈಲ್ ಸಿಸ್ಟಂ ಅನ್ನು ಕೇಳಬೇಕು. ಯಾವ ಮೆಟ್ಟಿಲಲ್ಲಿ ಉತ್ತರ ನಿಂತಿತು ಅನ್ನುವುದೇ ನಿಮಗೆ ಬೇಕಾದ ವಿಷಯ. ಖಾಲಿ ಪ್ರಶ್ನೆಗೆ ತಕ್ಷಣ ಉತ್ತರ ಬಂದು, ಸ್ಟ್ಯಾಟ್ ಮಾತ್ರ ನಿಂತರೆ ನೆಟ್‌ವರ್ಕ್ ಬಿಟ್ಟು ಸರ್ವರಿನ ಡಿಸ್ಕಿಗೆ ಹೋಗಿ.

ಒಂದು ಎಚ್ಚರಿಕೆ. ಎನ್‌ಎಫ್‌ಎಸ್‌ನ ನಾಲ್ಕನೇ ಆವೃತ್ತಿಯನ್ನಷ್ಟೇ ಬಳಸುವ ಕಡೆ ಫೈರ್‌ವಾಲ್ ಬರೀ 2049 ಬಿಟ್ಟು, ಯಾವ ಸೇವೆ ಎಲ್ಲಿದೆ ಅಂತ ಹೇಳುವ 111ನೇ ಪೋರ್ಟ್ ಮುಚ್ಚಿರುತ್ತದೆ. ಅಲ್ಲಿ ಆರ್‌ಪಿಸಿಇನ್ಫೋ, ಶೋಮೌಂಟ್ (ಸರ್ವರ್ ಹಂಚಿದ ಫೋಲ್ಡರ್‌ಗಳ ಪಟ್ಟಿ ಕೇಳುವ ಕಮಾಂಡ್) ಎರಡೂ ಉತ್ತರ ಪಡೆಯದೇ ನಿಲ್ಲುತ್ತವೆ. ಅದು ದೋಷ ಅಲ್ಲ. ಎಲ್ಲಾ ಸರಿ ಇರುವ ದಿನವೇ ಒಮ್ಮೆ ಓಡಿಸಿ, ನಿಮ್ಮ ಕಡೆ ಏನು ಬರುತ್ತದೆ ಅಂತ ಬರೆದಿಟ್ಟುಕೊಳ್ಳಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಸಹಾಯ ಮಾಡಿದ್ದು ಮಶೀನಿನ ಟಿಸಿಪಿ ಸಂಪರ್ಕಗಳ ಪಟ್ಟಿ ಕೊಡುವ ‘ಎಸ್‌ಎಸ್ -ಟಿಎನ್’. ಇಲ್ಲದಿದ್ದರೆ ಹಳೆಯ ‘ನೆಟ್‌ಸ್ಟ್ಯಾಟ್’ ಕೂಡ ಆಗುತ್ತದೆ. ನಿಂತ ಕ್ಲೈಂಟಿನಲ್ಲಿ ಅದನ್ನು ಓಡಿಸಿ, 2049ಕ್ಕೆ ಹೋಗಿರುವ ಸಾಲನ್ನು ಹುಡುಕಿ. ಅದು ‘ಸಿನ್-ಸೆಂಟ್’ ಅಂತಿದ್ದರೆ ಕ್ಲೈಂಟ್ ಬಾಗಿಲು ತಟ್ಟುತ್ತಿದೆ, ಯಾರೂ ತೆಗೆಯುತ್ತಿಲ್ಲ. ದಾರಿ ಕಡಿದಿದೆ ಅಥವಾ ಫೈರ್‌ವಾಲ್ ಪ್ಯಾಕೆಟ್ ನುಂಗುತ್ತಿದೆ. ‘ಎಸ್ಟಾಬ್’ (ಸಂಪರ್ಕ ಆಗಿದೆ) ಅಂತಿದ್ದು, ಸೆಂಡ್-ಕ್ಯೂ ಕಾಲಂನಲ್ಲಿ ಒಂದು ಸಂಖ್ಯೆ ಕಡಿಮೆಯಾಗದೆ ಕೂತಿದ್ದರೆ, ಕಳಿಸಿದ್ದು ಆ ಕಡೆ ತಲುಪಿದ ಸುದ್ದಿ ಬಂದಿಲ್ಲ. ‘ಎಸ್ಟಾಬ್’ ಇದ್ದು ಸೆಂಡ್-ಕ್ಯೂ ಸೊನ್ನೆ ಆಗಿದ್ದರೆ ನಮ್ಮ ಕೋರಿಕೆ ಸರ್ವರಿನ ಕೈಗೆ ಸೇರಿದೆ. ಈಗ ಉತ್ತರ ಕೊಡಬೇಕಾದದ್ದು ಅದು. ಆಗ ಸರ್ವರಿನಲ್ಲೂ ಇದೇ ಕಮಾಂಡ್ ಓಡಿಸಿ. ಅಲ್ಲಿನ ಸೆಂಡ್-ಕ್ಯೂನಲ್ಲಿ ಉತ್ತರ ಸಿಕ್ಕಿಬಿದ್ದಿದೆಯೋ, ಇಲ್ಲಾ ಸರ್ವರ್ ಇನ್ನೂ ಉತ್ತರವನ್ನೇ ಬರೆದಿಲ್ಲವೋ ಅಂತ ಗೊತ್ತಾಗುತ್ತದೆ.

ಆವತ್ತು ನಮ್ಮ ಲ್ಯಾಬಿನ ಮಶೀನುಗಳಲ್ಲಿ ಕಂಡದ್ದು ‘ಸಿನ್-ಸೆಂಟ್’. ಪಿಂಗ್ ಕೂಡ ಹೋಗುತ್ತಿರಲಿಲ್ಲ. ಲ್ಯಾಬಿನ ಒಂದು ಮಶೀನಿನಿಂದ ಇನ್ನೊಂದಕ್ಕೆ ಪಿಂಗ್ ಚೆನ್ನಾಗಿತ್ತು. ಅಂದರೆ ಲ್ಯಾಬ್ ಒಂದು ದ್ವೀಪ ಆಗಿತ್ತು. ಕಾರಿಡಾರ್‌ನ ಪೆಟ್ಟಿಗೆಯಲ್ಲಿರುವ ಸ್ವಿಚ್ ನೋಡಿದೆ. ದೀಪಗಳೆಲ್ಲಾ ಹಸಿರು. ಆದರೆ ಅದಕ್ಕೆ ಯುಪಿಎಸ್ ಲೈನ್ ಇರಲಿಲ್ಲ. ಹತ್ತು ಸೆಕೆಂಡ್ ಕರೆಂಟ್ ಹೋದಾಗ ಅದು ಆಫ್ ಆಗಿ ಮತ್ತೆ ಎದ್ದಿತ್ತು. ಎದ್ದಾಗ ಹಳೆಯ ಕಾನ್ಫಿಗರೇಶನ್ ಹಾಕಿಕೊಂಡಿತ್ತು. ಕೆಲವು ತಿಂಗಳ ಹಿಂದೆ ಲ್ಯಾಬನ್ನು ಬೇರೆ ವಿಲ್ಯಾನ್‌ಗೆ (ಸ್ವಿಚ್ಚಿನೊಳಗೆ ಪ್ರತ್ಯೇಕಿಸಿದ ನೆಟ್‌ವರ್ಕ್) ಹಾಕಿದ್ದೆವು. ಆ ಬದಲಾವಣೆ ಸ್ವಿಚ್ಚಿನಲ್ಲಿ ಓಡುತ್ತಿತ್ತು, ಅದನ್ನು ಸೇವ್ ಮಾಡಿರಲಿಲ್ಲ. ಅಲ್ಲಿಯ ತನಕ ಆ ಸ್ವಿಚ್ಚಿಗೆ ಒಮ್ಮೆಯೂ ಕರೆಂಟ್ ಹೋಗಿರಲಿಲ್ಲ, ಹಾಗಾಗಿ ಯಾರಿಗೂ ತಿಳಿದಿರಲಿಲ್ಲ.

ಪೋರ್ಟ್‌ಗಳನ್ನು ಸರಿಯಾದ ವಿಲ್ಯಾನ್‌ಗೆ ಹಾಕಿದೆ. ಸೇವ್ ಮಾಡಿದೆ. ಲ್ಯಾಬಿಗೆ ಬಂದು ನಿಂತುಕೊಂಡೆ. ಮುಂದಿನ ಸಾಲಿನ ಒಂದು ಸಿಸ್ಟಂ ಎದ್ದಿತು. ಆಮೇಲೆ ಹಿಂದಿನ ಸಾಲಿನಲ್ಲಿ ಎರಡು. ಎಲ್ಲವೂ ಒಟ್ಟಿಗೆ ಏಳಲಿಲ್ಲ. ಪ್ರತಿ ಸಲ ಸೋತಾಗಲೂ ಕ್ಲೈಂಟ್ ಮುಂದಿನ ಪ್ರಯತ್ನಕ್ಕೆ ಇನ್ನಷ್ಟು ಹೊತ್ತು ಬಿಡುತ್ತದೆ, ಅದಕ್ಕೆ ಹೀಗೆ ಒಂದೊಂದಾಗಿ. ಕೆಲವೇ ನಿಮಿಷದಲ್ಲಿ 32 ಕೂಡ ಓಡುತ್ತಿದ್ದವು. ಒಬ್ಬ ಹುಡುಗಿ ಕರೆಂಟ್ ಹೋಗುವ ಹೊತ್ತಿಗೇ ಸೇವ್ ಬಟನ್ ಒತ್ತಿದ್ದಳು. ಅವಳ ಫೈಲ್ ಆಗ ಸೇವ್ ಆಯಿತು.

ಸಣ್ಣ ಫೈಲ್ ಬರುತ್ತದೆ, ದೊಡ್ಡದು ಬರುವುದಿಲ್ಲ

ಸಂಡೂರಿನ ಕಡೆ ಗಣಿಗಳ ಸರ್ವೆ ಮಾಡುವ ಒಂದು ಸಣ್ಣ ಆಫೀಸಿನವರು ಒಮ್ಮೆ ಕರೆದರು. ಡ್ರೋನ್‌ನಲ್ಲಿ ತೆಗೆದ ಫೋಟೋಗಳನ್ನು ಸರ್ವರಿನಲ್ಲಿ ಇಟ್ಟು, ಲಿನಕ್ಸ್ ಮಶೀನಿನಲ್ಲಿ ನಕ್ಷೆ ಮಾಡುತ್ತಾರೆ. ಅವರ ದೂರು ಹೀಗಿತ್ತು: ಮೌಂಟ್ ಆಗುತ್ತದೆ, ಫೋಲ್ಡರ್ ತೆರೆಯುತ್ತದೆ, ಸಣ್ಣ ಟೆಕ್ಸ್ಟ್ ಫೈಲ್ ಬರುತ್ತದೆ. ಒಂದು ಫೋಟೋ ಮುಟ್ಟಿದರೆ ಮಾತ್ರ ಎಲ್ಲಾ ನಿಲ್ಲುತ್ತದೆ. ಪಿಂಗ್ ಚೆನ್ನಾಗಿದೆ. ಖಾಲಿ ಪ್ರಶ್ನೆಗೂ ಉತ್ತರ ಇದೆ. ಡಿಸ್ಕ್ ಕೆಟ್ಟಿದೆ ಅಂತ ಅವರು ಹೊಸ ಡಿಸ್ಕನ್ನೂ ತರಿಸಿದ್ದರು.

ಈ ಲಕ್ಷಣ ಕಂಡ ಕೂಡಲೇ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ನೋಡಿ. ಸಾಮಾನ್ಯ ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್. ವೇಗಕ್ಕಾಗಿ ಕೆಲವರು ಅದನ್ನು 9000ಕ್ಕೆ ಏರಿಸುತ್ತಾರೆ, ಜಂಬೋ ಫ್ರೇಮ್ ಅಂತ ಅದರ ಹೆಸರು. ಇಲ್ಲಿ ಸರ್ವರ್ 9000, ಮಶೀನ್ 9000. ನಡುವಿನ ಸ್ವಿಚ್ ಕೆಟ್ಟಿತ್ತು ಅಂತ ಹಿಂದಿನ ವಾರ ಹೊಸದು ಹಾಕಿದ್ದರು. ಅದು ಜಂಬೋ ಬಿಡುತ್ತಿರಲಿಲ್ಲ. ಎರಡೂ ತುದಿಗಳು ದೊಡ್ಡ ಪ್ಯಾಕೆಟ್‌ಗೆ ಒಪ್ಪಿಕೊಂಡಿದ್ದವು, ನಡುವಿನ ಸ್ವಿಚ್ ಅದನ್ನು ಸದ್ದಿಲ್ಲದೆ ಬಿಸಾಡುತ್ತಿತ್ತು. ರೂಟರ್ ಆಗಿದ್ದರೆ ಪ್ಯಾಕೆಟ್ ದೊಡ್ಡದಾಯಿತು ಅಂತ ತಿರುಗಿ ಹೇಳುತ್ತಿತ್ತು. ಸ್ವಿಚ್ ಏನೂ ಹೇಳುವುದಿಲ್ಲ.

ಪರೀಕ್ಷೆ ಸುಲಭ. ಪಿಂಗ್‌ಗೆ ‘-ಎಂ ಡು -ಎಸ್ 8972’ ಸೇರಿಸಿ. ಮೊದಲನೆಯದು ಪ್ಯಾಕೆಟ್ ತುಂಡು ಮಾಡಬೇಡ ಅನ್ನುತ್ತದೆ, ಅದರ ಎಂ ದೊಡ್ಡಕ್ಷರ. ಎರಡನೆಯದು ಗಾತ್ರ. 9000ದಲ್ಲಿ 28 ಬೈಟ್ ಹೆಡರ್‌ಗೆ ಹೋಗುತ್ತದೆ, ಉಳಿದದ್ದು 8972. ಇದು ಹೋಗದೆ 1472 ಹೋದರೆ ನಡುವೆ ಯಾರೋ 1500ರಲ್ಲೇ ಇದ್ದಾರೆ. ಅವರ ಕಡೆ ಹಾಗೇ ಆಯಿತು. ಎರಡೂ ತುದಿಯನ್ನು 1500ಕ್ಕೆ ಇಳಿಸಿ, ಮತ್ತೆ ಮೌಂಟ್ ಮಾಡಿದೆವು. ತರಿಸಿದ್ದ ಡಿಸ್ಕ್ ಪೆಟ್ಟಿಗೆಯಲ್ಲೇ ಉಳಿಯಿತು.

ಇಲ್ಲಿ ಸೆಂಡ್-ಕ್ಯೂ ಓದುವಾಗ ಎಚ್ಚರ ಬೇಕು. ಫೋಟೋ ಓದುವಾಗ ದೊಡ್ಡ ಪ್ಯಾಕೆಟ್ ಕಳಿಸುವುದು ಸರ್ವರ್. ಕ್ಲೈಂಟ್ ಕಡೆ ನೋಡಿದರೆ ಸೊನ್ನೆ ಕಾಣುತ್ತದೆ, ಸರ್ವರಿನ ಡಿಸ್ಕ್ ಮೇಲೆ ಅನುಮಾನ ಬರುತ್ತದೆ. ಸರ್ವರ್ ಕಡೆಯಲ್ಲೂ ನೋಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಸರ್ವರ್ ಒಳಗೆ

ಕೋರಿಕೆ ಸರ್ವರಿಗೆ ಸೇರಿದೆ, ಉತ್ತರ ಹುಟ್ಟಿಲ್ಲ ಅಂದರೆ ಅಲ್ಲಿ ‘ಪಿಎಸ್’ ನೋಡಿ. ಎನ್‌ಎಫ್‌ಎಸ್‌ಡಿ ಥ್ರೆಡ್‌ಗಳೆಲ್ಲಾ ಡಿ ಆಗಿ ಕೂತಿದ್ದರೆ ಅವು ಡಿಸ್ಕಿಗೆ ಕಾಯುತ್ತಿವೆ. ‘ಐಒಸ್ಟ್ಯಾಟ್ -ಎಕ್ಸ್’ ಓಡಿಸಿದರೆ ಯಾವ ಡಿಸ್ಕ್ ಉಳಿದವಕ್ಕಿಂತ ತಡ ಮಾಡುತ್ತಿದೆ ಅಂತ ಕಾಣುತ್ತದೆ. ರೈಡ್‌ನಲ್ಲಿ (ಹಲವು ಡಿಸ್ಕುಗಳನ್ನು ಒಂದಾಗಿ ಸೇರಿಸಿದ ವ್ಯವಸ್ಥೆ) ಪೂರ್ತಿ ಸತ್ತ ಡಿಸ್ಕ್ ಅಷ್ಟು ತೊಂದರೆ ಕೊಡುವುದಿಲ್ಲ, ಅದನ್ನು ಹೊರಗೆ ಹಾಕಿ ಕೆಲಸ ಮುಂದುವರಿಯುತ್ತದೆ. ಸಾಯಲೂ ಒಲ್ಲದ, ಓದಲೂ ಆಗದ ಡಿಸ್ಕ್ ಎಲ್ಲರನ್ನೂ ನಿಲ್ಲಿಸುತ್ತದೆ.

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ರಜೆ ದಿನ ಎಸಿ ಆಫ್ ಮಾಡಿ ಬಾಗಿಲು ಹಾಕಿದರೆ ಸರ್ವರ್ ರೂಮ್ ಒಲೆಯ ಹಾಗಾಗುತ್ತದೆ. ಅದಿರಿನ ಲಾರಿ ಓಡಾಡುವ ರಸ್ತೆ ಪಕ್ಕದಲ್ಲಿದ್ದರೆ ಫ್ಯಾನ್ ಮೇಲೆ ಕೆಂಪು ಧೂಳು ಕೂರುತ್ತದೆ. ಸೋಮವಾರ ಬೆಳಿಗ್ಗೆ ಮೌಂಟ್ ನಿಂತಿದೆ ಅಂತ ಫೋನ್ ಬಂದರೆ ನಾನು ಮೊದಲು ಕೇಳುವುದು ಎಸಿ ಬಗ್ಗೆ.

ಡಿಸ್ಕ್ ಸರಿ ಇದ್ದು, ಬರೀ ಜನ ಜಾಸ್ತಿ ಆದಾಗ ನಿಲ್ಲುತ್ತಿದ್ದರೆ ಥ್ರೆಡ್ ಸಂಖ್ಯೆ ನೋಡಿ. ಲಿನಕ್ಸ್ ಸರ್ವರಿನಲ್ಲಿ ಬಹಳ ಕಾಲ ಅದು 8 ಮಾತ್ರ ಇರುತ್ತಿತ್ತು. ‘/ಪ್ರಾಕ್/ಎಫ್‌ಎಸ್/ಎನ್‌ಎಫ್‌ಎಸ್‌ಡಿ/ಥ್ರೆಡ್ಸ್’ ಫೈಲಿನಲ್ಲಿ ಈಗ ಎಷ್ಟಿದೆ ಅಂತ ಕಾಣುತ್ತದೆ. ಒಂದು ಇಡೀ ಲ್ಯಾಬ್ ಒಟ್ಟಿಗೆ ಲಾಗಿನ್ ಆಗುವ ಕಡೆ ಎಂಟು ಸಾಲುವುದಿಲ್ಲ.

ಬರೀ ಲಾಕ್ ನಿಂತಾಗ

ರಾಯಚೂರಿನ ಗೆಳೆಯನೊಬ್ಬ ಫೋನ್ ಮಾಡಿ, “ಅಣ್ಣಾ, ಎಲ್ಲಾ ಸರಿ ಅದ, ಫೈಲ್ ಕಾಪಿನೂ ಆಗ್ತದ, ಬ್ರೌಸರ್ ಒಂದೇ ತೆರಿಯವಲ್ದು” ಅಂದ. ಇದು ಮೂರನೇ ಆವೃತ್ತಿಯ ಹಳೆಯ ಕಾಯಿಲೆ. 1995ರ ಆ ಆವೃತ್ತಿಯಲ್ಲಿ ಫೈಲ್ ಓದುವುದು, ಬರೆಯುವುದು 2049ರಲ್ಲಿ ನಡೆಯುತ್ತದೆ. ಲಾಕ್ ಹಿಡಿಯುವ, ಅಂದರೆ ಒಬ್ಬರು ಬಳಸುವ ಫೈಲನ್ನು ಇನ್ನೊಬ್ಬರು ಬದಲಿಸದಂತೆ ತಡೆಯುವ, ಕೆಲಸಕ್ಕೆ ಬೇರೆಯೇ ಪ್ರೋಗ್ರಾಂಗಳಿವೆ, ಲಾಕ್‌ಡಿ ಮತ್ತು ಸ್ಟ್ಯಾಟ್‌ಡಿ. ಅವು ಬೇರೆ ಪೋರ್ಟ್‌ಗಳಲ್ಲಿ ಮಾತಾಡುತ್ತವೆ. ಸರ್ವರ್ ತಾನಾಗಿ ಕ್ಲೈಂಟಿಗೆ ಫೋನ್ ಮಾಡಿದ ಹಾಗೆ ತಿರುಗಿ ಮಾತಾಡಬೇಕಾದ ಸಂದರ್ಭವೂ ಇದೆ. ಕ್ಲೈಂಟಿನ ಫೈರ್‌ವಾಲ್ ಅದನ್ನು ತಡೆದರೆ ಲಾಕ್ ಬೇಕಾದ ಪ್ರೋಗ್ರಾಂ ಮಾತ್ರ ನಿಲ್ಲುತ್ತದೆ. ಬ್ರೌಸರ್ ತನ್ನ ಪ್ರೊಫೈಲ್‌ಗೆ ಲಾಕ್ ಹಾಕುತ್ತದೆ, ‘ಸಿಪಿ’ ಹಾಕುವುದಿಲ್ಲ. ಅದಕ್ಕೇ ಈ ವ್ಯತ್ಯಾಸ.

ಅವನ ಕಡೆ ‘ಆರ್‌ಪಿಸಿಇನ್ಫೋ -ಪಿ’ ಪಟ್ಟಿಯಲ್ಲಿ ‘ಸ್ಟೇಟಸ್’ ಅನ್ನುವ ಸಾಲೇ ಇರಲಿಲ್ಲ, ಸ್ಟ್ಯಾಟ್‌ಡಿ ಎದ್ದಿರಲಿಲ್ಲ. ಎಬ್ಬಿಸಿದ, ಸರಿ ಹೋಯಿತು. ಆದರೂ ನಾನು ಅವನಿಗೆ ನಾಲ್ಕನೇ ಆವೃತ್ತಿಗೆ ಹೋಗು ಅಂತಲೇ ಹೇಳಿದೆ. ಅದರಲ್ಲಿ ಲಾಕ್ ಕೂಡ ಅದೇ 2049ರಲ್ಲಿ ಹೋಗುತ್ತದೆ. ಒಂದೇ ಪೋರ್ಟ್, ಒಂದೇ ಫೈರ್‌ವಾಲ್ ನಿಯಮ. ಒಂದು ವಿಷಯ ಮಾತ್ರ ನೆನಪಿಡಿ: ನಾಲ್ಕನೇ ಆವೃತ್ತಿಯ ಲಿನಕ್ಸ್ ಸರ್ವರ್ ರೀಸ್ಟಾರ್ಟ್ ಆದ ಮೇಲೆ ಸಾಮಾನ್ಯವಾಗಿ 90 ಸೆಕೆಂಡ್ ಹಳೆಯ ಕ್ಲೈಂಟ್‌ಗಳಿಗೆ ಅವರ ಲಾಕ್ ವಾಪಸ್ ಕೇಳಲು ಸಮಯ ಕೊಡುತ್ತದೆ. ಆ ಹೊತ್ತಿನಲ್ಲಿ ಹೊಸದಾಗಿ ಫೈಲ್ ತೆರೆದರೆ ನಿಂತ ಹಾಗೆ ಕಾಣುತ್ತದೆ. ಗಾಬರಿಯಾಗಿ ಸರ್ವರನ್ನು ಮತ್ತೊಮ್ಮೆ ರೀಸ್ಟಾರ್ಟ್ ಮಾಡಿದರೆ ಆ 90 ಸೆಕೆಂಡ್ ಮೊದಲಿನಿಂದ ಶುರುವಾಗುತ್ತದೆ.

ಸರ್ವರ್ ಇನ್ನು ಬರುವುದೇ ಇಲ್ಲ ಅಂದಾಗ

ಕೆಲವು ಸಲ ಸರ್ವರ್ ಸುಟ್ಟೇ ಹೋಗಿರುತ್ತದೆ. ಆಗ ಕಾದು ಲಾಭವಿಲ್ಲ, ಮೌಂಟ್ ತೆಗೆಯಬೇಕು. ಮೊದಲು ಅದನ್ನು ಹಿಡಿದಿರುವ ಪ್ರೋಸೆಸ್‌ಗಳನ್ನು ‘ಕಿಲ್ -9’ ಮಾಡಿ. ಆಮೇಲೆ ‘ಯುಮೌಂಟ್ -ಎಫ್’. ಇದು ಕಾಯುತ್ತಿರುವ ಕೋರಿಕೆಗಳನ್ನು ಕೈಬಿಡುತ್ತದೆ. ಇನ್ನೂ ಸರ್ವರಿಗೆ ಸೇರದ ಬರಹ ಅಲ್ಲಿಗೆ ಹೋಯಿತು, ಅದನ್ನು ತಿಳಿದೇ ಮಾಡಿ. ಒಂದು ಸಲಕ್ಕೆ ಆಗದಿದ್ದರೆ ಎರಡು ಮೂರು ಸಲ ಕೊಡಬೇಕಾಗುತ್ತದೆ. ಫ್ರೀಬಿಎಸ್‌ಡಿಯಲ್ಲಿ ನಿಂತ ಎನ್‌ಎಫ್‌ಎಸ್ ತೆಗೆಯಲಿಕ್ಕೇ ಅಂತ ‘ಯುಮೌಂಟ್ -ಎನ್’ ಇದೆ, ಅಲ್ಲಿನ ಎನ್ ದೊಡ್ಡಕ್ಷರ.

‘ಯುಮೌಂಟ್ -ಎಲ್’ ಬಗ್ಗೆ ನನಗೆ ತಕರಾರಿದೆ. ಎಲ್ಲರೂ ಮೊದಲು ಅದನ್ನೇ ಒತ್ತುತ್ತಾರೆ, ಯಾಕೆಂದರೆ ಅದು ತಕ್ಷಣ ಮುಗಿಯುತ್ತದೆ. ಅದು ಮಾಡುವುದು ಇಷ್ಟೇ: ಪಟ್ಟಿಯಿಂದ ಹೆಸರು ತೆಗೆಯುತ್ತದೆ. ಹಿಡಿದಿರುವ ಪ್ರೋಸೆಸ್‌ಗಳು ಹಾಗೇ ಕಾಯುತ್ತಿರುತ್ತವೆ, ಈಗ ಅವು ಎಲ್ಲಿ ಕಾಯುತ್ತಿವೆ ಅಂತ ಹುಡುಕುವ ದಾರಿಯೂ ಮುಚ್ಚಿತು. ಅದೇ ಸರ್ವರನ್ನು ಮತ್ತೆ ಮೌಂಟ್ ಮಾಡಿದರೆ ಕರ್ನಲ್ ಹಳೆಯ ಸಂಪರ್ಕವನ್ನೇ ಬಳಸಬಹುದು, ಹೊಸದೂ ನಿಲ್ಲುತ್ತದೆ. ಬೇರೆ ಯಾವುದೂ ಆಗದಿದ್ದಾಗ, ರೀಸ್ಟಾರ್ಟ್‌ಗೆ ಮುಂಚಿನ ಕೊನೆಯ ಹೆಜ್ಜೆಯಾಗಿ ಮಾತ್ರ ಇದನ್ನು ಇಟ್ಟುಕೊಳ್ಳಿ.

‘ಸ್ಟೇಲ್ ಫೈಲ್ ಹ್ಯಾಂಡಲ್’ ಅಂತ ಬಂದರೆ ಅದು ಬೇರೆ ವಿಷಯ. ಅಲ್ಲಿ ಸರ್ವರ್ ಉತ್ತರ ಕೊಟ್ಟಿದೆ, ನೀನು ಕೇಳುವ ಫೈಲ್ ನನಗೆ ಗೊತ್ತಿಲ್ಲ ಅಂದಿದೆ. ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿ, ಕಾಯುವುದರಿಂದ ಸರಿಹೋಗುವುದಿಲ್ಲ.

ಸಾಫ್ಟ್ ಮೌಂಟ್ ಮಾಡಿಬಿಡೋಣ ಅನ್ನುವವರಿಗೆ

ಒಮ್ಮೆ ಮೌಂಟ್ ನಿಂತು ಬೈಸಿಕೊಂಡ ಮೇಲೆ ಯಾರಾದರೂ ಈ ಸಲಹೆ ಕೊಡುತ್ತಾರೆ. ಸಾಫ್ಟ್ ಅಂದರೆ ಕೆಲವು ಸಲ ಕೇಳಿ ಉತ್ತರ ಬರದಿದ್ದರೆ ಪ್ರೋಗ್ರಾಂಗೆ ತಪ್ಪು ಅಂತ ಹೇಳಿ ಕೈತೊಳೆದುಕೊಳ್ಳುವುದು. ಏನೂ ನಿಲ್ಲುವುದಿಲ್ಲ, ನಿಜ. ಆದರೆ ಆವತ್ತಿನ ಲ್ಯಾಬ್ ಸಾಫ್ಟ್ ಆಗಿದ್ದಿದ್ದರೆ? ಸೇವ್ ಒತ್ತಿದ್ದ ಹುಡುಗಿಯ ಫೈಲ್ ಅರ್ಧ ಬರೆದು ಅಲ್ಲೇ ಬಿಡುವ ಸಾಧ್ಯತೆ ಇತ್ತು. ಎಡಿಟರ್ ಅದನ್ನು ಅವಳಿಗೆ ಹೇಳುತ್ತಿತ್ತೋ ಇಲ್ಲವೋ. ಬರೆಯುವ ಡೇಟಾ ಇರುವ ಕಡೆ ನಾನು ಸಾಫ್ಟ್ ಹಾಕುವುದಿಲ್ಲ, ಯಾರಿಗೂ ಹಾಕಲು ಹೇಳುವುದೂ ಇಲ್ಲ. ಓದಲಿಕ್ಕೆ ಮಾತ್ರ ಇರುವ ಮೌಂಟ್, ಉದಾಹರಣೆಗೆ ಸಾಫ್ಟ್‌ವೇರ್ ಇಟ್ಟ ಫೋಲ್ಡರ್, ಅಲ್ಲಿ ಅಡ್ಡಿಯಿಲ್ಲ.

ಕರೆಂಟ್ ಬಂದ ಮೇಲಿನ ಐದು ನಿಮಿಷ

ನಮ್ಮ ಕಡೆ ಇನ್ನೊಂದು ಸಂದರ್ಭ ಪದೇ ಪದೇ ಬರುತ್ತದೆ. ಯುಪಿಎಸ್ ಬ್ಯಾಟರಿ ಮುಗಿಯುವ ತನಕ ಕರೆಂಟ್ ಇಲ್ಲ. ಆಮೇಲೆ ಬಂದಾಗ ಎಲ್ಲವೂ ಒಟ್ಟಿಗೆ ಆನ್. ಲ್ಯಾಬಿನ ಮಶೀನ್ ಅರ್ಧ ನಿಮಿಷದಲ್ಲಿ ಎದ್ದಿತು. ಸರ್ವರ್ ತನ್ನ ರೈಡ್, ಫೈಲ್ ಸಿಸ್ಟಂ ಎಲ್ಲಾ ನೋಡಿಕೊಂಡು ಏಳಲು ಐದು ನಿಮಿಷ ಬೇಕು. ಸಾಮಾನ್ಯ ಮೌಂಟ್ 2 ನಿಮಿಷ ಪ್ರಯತ್ನಿಸಿ ಬಿಟ್ಟುಬಿಡುತ್ತದೆ. ಅದಕ್ಕೆ, ಏನೇನು ಮೌಂಟ್ ಆಗಬೇಕು ಅಂತ ಬರೆದಿಡುವ ‘ಎಫ್‌ಎಸ್‌ಟ್ಯಾಬ್’ ಫೈಲಿನ ಸಾಲಿನಲ್ಲಿ ‘ಬಿಜಿ’ ಸೇರಿಸಿ. ಆಗ ಅದು ಹಿನ್ನೆಲೆಯಲ್ಲಿ 10,000 ನಿಮಿಷದ ತನಕ, ಸುಮಾರು ಒಂದು ವಾರ, ಪ್ರಯತ್ನ ಬಿಡುವುದಿಲ್ಲ. ಸಿಸ್ಟಂಡಿ (ಮಶೀನ್ ಏಳುವಾಗ ಎಲ್ಲವನ್ನೂ ಶುರು ಮಾಡುವ ಪ್ರೋಗ್ರಾಂ) ಇರುವ ಮಶೀನಾದರೆ ‘ಎಕ್ಸ್-ಸಿಸ್ಟಂಡಿ.ಆಟೋಮೌಂಟ್’ ಇನ್ನೂ ಚೆಂದ, ಯಾರಾದರೂ ಆ ಫೋಲ್ಡರ್ ಮುಟ್ಟಿದಾಗ ಮೌಂಟ್ ಮಾಡುತ್ತದೆ. ಜೊತೆಗೆ ‘_ನೆಟ್‌ಡೆವ್’ ಮತ್ತು ‘ನೋಫೇಲ್’ ಇರಲಿ. ಮೊದಲನೆಯದು ನೆಟ್‌ವರ್ಕ್ ಬಂದ ಮೇಲೆ ಮೌಂಟ್ ಮಾಡಿ, ನೆಟ್‌ವರ್ಕ್ ಹೋಗುವ ಮೊದಲು ತೆಗೆಯುವಂತೆ ನೋಡಿಕೊಳ್ಳುತ್ತದೆ. ಶಟ್‌ಡೌನ್‌ನಲ್ಲಿ ನಿಲ್ಲುವ ಕಾಟ ಇದರಿಂದ ಬಹಳ ಕಡಿಮೆಯಾಗುತ್ತದೆ. ಎರಡನೆಯದು ಮೌಂಟ್ ಆಗದಿದ್ದರೂ ಮಶೀನ್ ಏಳುವಂತೆ ನೋಡಿಕೊಳ್ಳುತ್ತದೆ.

ಮೌಂಟ್ ಆಗದೇ ಇದ್ದಾಗ ಇನ್ನೂ ಒಂದು ಅಪಾಯ ಇದೆ. ಫೋಲ್ಡರ್ ಖಾಲಿ ಕಾಣುತ್ತದೆ, ಆದರೆ ಬರೆಯಲು ಬರುತ್ತದೆ. ರೂಟ್ ಆಗಿ ಓಡುವ ಬ್ಯಾಕಪ್ ಸ್ಕ್ರಿಪ್ಟ್ ಅಲ್ಲಿಗೇ ಬರೆಯುತ್ತದೆ, ಮಶೀನಿನ ಸಣ್ಣ ಡಿಸ್ಕ್ ತುಂಬುತ್ತದೆ. ಆಮೇಲೆ ನಿಜವಾದ ಮೌಂಟ್ ಬಂದು ಅದರ ಮೇಲೆ ಕೂತಾಗ ಆ ಫೈಲುಗಳು ಕಣ್ಣಿಗೇ ಬೀಳುವುದಿಲ್ಲ. ಡಿಸ್ಕ್ ತುಂಬಿದೆ, ಫೈಲ್ ಎಲ್ಲಿದೆ ಗೊತ್ತಿಲ್ಲ ಅಂತ ಜನ ಗಂಟೆಗಟ್ಟಲೆ ಹುಡುಕುತ್ತಾರೆ. ಇದಕ್ಕೆ ಉಪಾಯ ಒಂದೇ ಸಾಲಿನದು. ಮೌಂಟ್ ತೆಗೆದು, ಆ ಖಾಲಿ ಫೋಲ್ಡರ್‌ಗೆ ರೂಟ್ ಆಗಿ ‘ಸಿಎಚ್‌ಆಟರ್ +ಐ’ ಕೊಡಿ. ಸ್ವಂತ ಡಿಸ್ಕಿನ ಫೈಲ್ ಸಿಸ್ಟಂ ಎಕ್ಸ್ಟ್4 ಆಗಿದ್ದರೆ ಇದು ಕೆಲಸ ಮಾಡುತ್ತದೆ. ಆಮೇಲೆ ರೂಟ್ ಕೂಡ ಅದರೊಳಗೆ ಬರೆಯಲಾರ. ಮೌಂಟ್ ಮಾತ್ರ ಯಾವ ತಡೆಯೂ ಇಲ್ಲದೆ ಅದರ ಮೇಲೆ ಬಂದು ಕೂರುತ್ತದೆ. ಆ ಪರೀಕ್ಷೆಯ ಮರುದಿನ ನಾನೂ ಇನ್‌ಸ್ಟ್ರಕ್ಟರೂ ಕೂತು 32 ಮಶೀನಿನಲ್ಲೂ ಇದನ್ನು ಮಾಡಿದೆವು. ಸಂಜೆ ಕಾರಿಡಾರ್‌ನ ಸ್ವಿಚ್ಚಿಗೆ ಯುಪಿಎಸ್ ಲೈನ್ ಎಳೆಸಿದೆವು.